ಥಾಮಸ್ ಬಿಗ್ಸ್

ಥಾಮಸ್ ಬಿಗ್ಸ್ (೧೮೨೨–೧೯೦೫) ಈಸ್ಟ್ ಇಂಡಿಯಾ ಕಂಪನಿಯ ಮುಂಬಯಿ ಫಿರಂಗಿದಳದ ಅಧಿಕಾರಿ. ಹವ್ಯಾಸಕ್ಕೆಂದು ಛಾಯಾಗ್ರಹಣವನ್ನು ಕಲಿತು ಮುಂದೆ ಮುಂಬಯಿ ಸರ್ಕಾರದ ಛಾಯಾಗ್ರಾಹಕರಾಗಿ ನೇಮಕಗೊಂಡರು. ೧೮೫೫ರಲ್ಲಿ ಅವರು ವಿಜಯಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳಲ್ಲಿ ತೆಗೆದ ಚಿತ್ರಗಳು ಆ ಸ್ಥಳಗಳ ಅತ್ಯಂತ ಹಳೆಯ ಛಾಯಾಚಿತ್ರಗಳ ಸಾಲಿಗೆ ಸೇರುತ್ತವೆ. ಧಾರವಾಡ ಮತ್ತು ಮೈಸೂರು ಪ್ರದೇಶಗಳ ವಾಸ್ತುಶಿಲ್ಪವನ್ನು ಕುರಿತು ೧೮೬೬ರಲ್ಲಿ ಲಂಡನ್ನಿನಿಂದ ಹೊರಬಂದ ಬೃಹತ್ ಚಿತ್ರಸಂಪುಟದ ಮೂವರು ಛಾಯಾಗ್ರಾಹಕರಲ್ಲಿ ಬಿಗ್ಸ್ ಒಬ್ಬರು. ಸರ್ಕಾರಿ ಛಾಯಾಗ್ರಾಹಕರಾಗಿ ಅವರು ಇದ್ದದ್ದು ಒಂದು ವರ್ಷಕ್ಕೂ ಕಡಿಮೆ ಅವಧಿ.

ಹವ್ಯಾಸದ ಕಾಲ

ಛಾಯಾಗ್ರಹಣ ಆಗಿನ್ನೂ ಎಳೆಯ ವಿದ್ಯೆ. ಫ್ರಾನ್ಸಿನ ಡಾಗೇರ್ ತಮ್ಮ ವಿಧಾನವನ್ನು ಲೋಕಕ್ಕೆ ತಿಳಿಸಿದ್ದು ೧೮೩೯ರಲ್ಲಿ. ಇಂಗ್ಲೆಂಡಿನ ಹೆನ್ರಿ ಫಾಕ್ಸ್ ಟಾಲ್ಬಟ್ ಕಾಗದದ ಮೇಲೆ ನೆಗೆಟಿವ್ ಪಡೆಯುವ ಕ್ಯಾಲೊಟೈಪ್ ವಿಧಾನಕ್ಕೆ ಹಕ್ಕುಸ್ವಾಮ್ಯ ಪಡೆದದ್ದು ೧೮೪೧ರಲ್ಲಿ. ಇದನ್ನು ಕಲಿಸುವ ಶಾಲೆಗಳು ಭಾರತದಲ್ಲಿ ಇರಲಿಲ್ಲವೆಂದೇ ಹೇಳಬೇಕು. ಬಿಡುವೂ ಹಣವೂ ಇದ್ದ ಸೈನ್ಯಾಧಿಕಾರಿಗಳು, ವೈದ್ಯರು, ಕಂದಾಯದ ಅಧಿಕಾರಿಗಳು ಪುಸ್ತಕ ನೋಡಿಕೊಂಡು, ತಪ್ಪು ಮಾಡುತ್ತ, ತಿದ್ದಿಕೊಳ್ಳುತ್ತ ಕಲಿತರು. ರಾಸಾಯನಿಕ ವಸ್ತುಗಳೂ ಒಳ್ಳೆಯ ಕಾಗದವೂ ಹಡಗಿನಲ್ಲಿ ಬರಬೇಕು. ಯುರೋಪಿನ ತಂಪು ಹವೆಗೆಂದು ಬರೆದ ಸೂತ್ರಗಳು ಇಲ್ಲಿಯ ಬೇಸಗೆಯಲ್ಲಿ ಕೆಲಸಕ್ಕೆ ಬಾರದೆ ಹೋಗುತ್ತಿದ್ದವು.

ಈ ತೊಡಕುಗಳೇ ಹವ್ಯಾಸಿಗಳನ್ನು ಒಂದುಗೂಡಿಸಿದವು. ೧೮೫೪ರಲ್ಲಿ ಮುಂಬಯಿಯಲ್ಲಿ ಛಾಯಾಗ್ರಹಣ ಸಂಘ ಸ್ಥಾಪನೆಯಾಯಿತು. ಭಾರತದ ಮಟ್ಟಿಗೆ ಇಂಥ ಸಂಘಗಳಲ್ಲಿ ಇದೇ ಮೊದಲನೆಯದು. ಕಲಕತ್ತೆ ಮತ್ತು ಮದ್ರಾಸುಗಳಲ್ಲಿ ಸಂಘಗಳು ಹುಟ್ಟಿದ್ದು ಎರಡು ವರ್ಷಗಳ ಅನಂತರ, ೧೮೫೬ರಲ್ಲಿ. ಆಗ ಕ್ಯಾಪ್ಟನ್ ಆಗಿದ್ದ ಬಿಗ್ಸ್ ಮುಂಬಯಿ ಸಂಘದ ಸ್ಥಾಪಕ ಸದಸ್ಯರಲ್ಲಿ ಒಬ್ಬರು. ಸಂಘ ಐರೋಪ್ಯರಿಗಷ್ಟೇ ಮೀಸಲಾಗಿರಲಿಲ್ಲ. ವೈದ್ಯರೂ ಪ್ರಾಚ್ಯವಸ್ತು ಸಂಶೋಧಕರೂ ಆಗಿದ್ದ ಡಾ. ಭಾವೂ ದಾಜಿ ಅದರಲ್ಲಿ ಇದ್ದರು. ಸದಸ್ಯರು ತಾವು ತೆಗೆದ ಚಿತ್ರಗಳನ್ನು ತಂದು ತೋರಿಸುವುದು, ಸೋತ ಪ್ರಯೋಗಗಳನ್ನೂ ಮುಚ್ಚಿಡದೆ ಚರ್ಚಿಸುವುದು, ಸಂಘದ ಪತ್ರಿಕೆಯಲ್ಲಿ ತಮ್ಮ ಅನುಭವಗಳನ್ನು ಪ್ರಕಟಿಸುವುದು ಅದರ ಮುಖ್ಯ ಚಟುವಟಿಕೆ. ಮುಂಬಯಿಯ ಜಾನ್ಸನ್ ಮತ್ತು ಹೆಂಡರ್ಸನ್ ಎಂಬುವರು ೧೮೫೬ರಿಂದ ೧೮೫೮ರವರೆಗೆ ‘ದಿ ಇಂಡಿಯನ್ ಅಮೆಚೂರ್ಸ್ ಫೋಟೋಗ್ರಾಫಿಕ್ ಆಲ್ಬಮ್’ ಎಂಬ ಮಾಸಿಕವನ್ನೇ ಹೊರಡಿಸಿದರು ಎಂಬುದರಿಂದ ಈ ಹವ್ಯಾಸ ಆ ನಗರದಲ್ಲಿ ಎಷ್ಟು ಬೇಗ ಬೇರೂರಿತೆಂಬುದನ್ನು ಊಹಿಸಬಹುದು.

ಸರ್ಕಾರಿ ನೇಮಕ

ಗುಹೆ, ದೇವಾಲಯ, ಶಾಸನಗಳ ಪ್ರತಿ ಮಾಡಿಸಬೇಕೆಂಬ ವಿಚಾರ ಕಂಪನಿಯ ನಿರ್ದೇಶಕ ಮಂಡಲಿಯ ಮುಂದೆ ಮೊದಲೇ ಇತ್ತು. ಅಜಂತೆಯ ಭಿತ್ತಿಚಿತ್ರಗಳನ್ನು ಪ್ರತಿ ಮಾಡಲು ರಾಬರ್ಟ್ ಗಿಲ್ ಎಂಬ ಚಿತ್ರಕಾರ ಸೈನ್ಯಾಧಿಕಾರಿಯನ್ನು ೧೮೪೪ರಲ್ಲಿ ನೇಮಿಸಲಾಗಿತ್ತು. ಅವರ ಕೆಲಸ ವರ್ಷಗಟ್ಟಲೆ ನಡೆಯಿತು, ಖರ್ಚೂ ಬೆಳೆಯಿತು. (ಅಷ್ಟು ಶ್ರಮದಿಂದ ಬರೆದ ಆ ಪ್ರತಿಗಳಲ್ಲಿ ಹೆಚ್ಚಿನವು ೧೮೬೬ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಸಂಭವಿಸಿದ ಬೆಂಕಿಗೆ ಆಹುತಿಯಾದವು.) ಚಿತ್ರಕಾರನ ಕೈಗಿಂತ ಕ್ಯಾಮೆರಾ ಅಗ್ಗ, ಶೀಘ್ರ ಮತ್ತು ಹೆಚ್ಚು ನಿಖರ ಎಂಬ ಅಭಿಪ್ರಾಯ ನಿರ್ದೇಶಕರಲ್ಲಿ ಬಲಗೊಂಡಾಗ ಮುಂಬಯಿ ಸರ್ಕಾರ ಹುಡುಕಿಕೊಂಡು ಹೋದದ್ದು ವೃತ್ತಿಪರರನ್ನಲ್ಲ, ತನ್ನದೇ ಸೇವೆಯಲ್ಲಿದ್ದ ಹವ್ಯಾಸಿಯನ್ನು. ೧೮೫೫ರಲ್ಲಿ ಬಿಗ್ಸ್ ಪಶ್ಚಿಮ ಭಾರತದ ಶಿಲ್ಪ, ಶಾಸನ ಹಾಗೂ ಕಟ್ಟಡಗಳನ್ನು ಚಿತ್ರಿಸುವ ಸರ್ಕಾರಿ ಛಾಯಾಗ್ರಾಹಕರಾದರು.

ಕರ್ನಾಟಕದಲ್ಲಿ ಬಿಗ್ಸ್

ಆಗ ಧಾರವಾಡ ಮುಂಬಯಿ ಪ್ರಾಂತ್ಯದ ಒಂದು ಜಿಲ್ಲೆ. ಇಂದಿನ ಗದಗ ಮತ್ತು ಹಾವೇರಿ ಜಿಲ್ಲೆಗಳ ಬಹುಭಾಗ ಅದರಲ್ಲಿಯೇ ಅಡಗಿತ್ತು. ಅವು ಬೇರೆಯಾದದ್ದು ೧೯೯೭ರಲ್ಲಿ. ಧಾರವಾಡ ಮತ್ತು ಸುತ್ತಲಿನ ಕನ್ನಡ ನಾಡನ್ನು ಇಂಗ್ಲಿಷ್ ಕಾಗದಪತ್ರಗಳಲ್ಲಿ ‘ದಕ್ಷಿಣ ಮರಾಠಾ ಸೀಮೆ’ ಎಂದೇ ಕರೆಯುತ್ತಿದ್ದರು. ಆ ಹೆಸರಿನ ಮರೆಯಲ್ಲಿ ಕನ್ನಡದ ಶಾಸನಗಳೂ ಚಾಲುಕ್ಯರ ಗುಡಿಗಳೂ ಹೊರಗಿನವರಿಗೆ ಬಹುಕಾಲ ಕಾಣಲಿಲ್ಲ. ಧಾರವಾಡ ಸೀಮೆಯಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ ಬಿಗ್ಸ್ ಅವರಿಗಿಂತ ಮೊದಲೇ ಇಲ್ಲಿಯ ನೂರಾರು ಶಾಸನಗಳನ್ನು ಕೈಬರಹದಲ್ಲಿ ಪ್ರತಿ ಮಾಡಿಸಿದ್ದರು. ಆದರೆ ಕಟ್ಟಡಗಳು ಹೇಗಿವೆ ಎಂಬುದನ್ನು ನೋಡಿಯೇ ತಿಳಿಯಬೇಕಿತ್ತು.

ಈ ಸೀಮೆಗೆ ಆಗ ರೈಲು ಇರಲಿಲ್ಲ. ಮುಂಬಯಿಯಿಂದ ಠಾಣೆಯವರೆಗೆ ಮೊದಲ ಗಾಡಿ ಓಡಿ ಎರಡೇ ವರ್ಷವಾಗಿತ್ತು. ಹುಬ್ಬಳ್ಳಿಗೆ ರೈಲು ಬಂದದ್ದು ೧೮೮೦ರ ದಶಕದಲ್ಲಿ. ಮರದ ದೊಡ್ಡ ಕ್ಯಾಮೆರಾ, ಮಸೂರ, ಮೂರು ಕಾಲಿನ ಊರೆ, ತಟ್ಟೆಗಳು, ಗಾಜಿನ ಶೀಸೆಗಳಲ್ಲಿ ರಾಸಾಯನಿಕಗಳು, ಕತ್ತಲು ಮಾಡಿಕೊಳ್ಳಲು ಡೇರೆ ಇವೆಲ್ಲವೂ ಕಚ್ಚಾ ರಸ್ತೆಯಲ್ಲಿಯೇ ಸಾಗಬೇಕು.

ಬಿಗ್ಸ್ ಬಳಸಿದ್ದು ಕಾಗದದ ನೆಗೆಟಿವ್. ನಯವಾದ ಬರವಣಿಗೆಯ ಕಾಗದಕ್ಕೆ ಬೆಳ್ಳಿಯ ಲವಣವನ್ನು ಲೇಪಿಸಿ, ಬೆಳಕಿಗೆ ಸ್ಪಂದಿಸುವಂತೆ ಮಾಡಿ, ಕ್ಯಾಮೆರಾದಲ್ಲಿಟ್ಟು ಮಸೂರದ ಮುಚ್ಚಳ ತೆರೆಯಬೇಕು. ಇಂದಿನಂತೆ ಕ್ಷಣಾರ್ಧದ ಮಾತಲ್ಲ. ಬಿಸಿಲಿದ್ದರೂ ನಿಮಿಷಗಳು ಬೇಕು. ಅನಂತರ ಗಾಲಿಕ್ ಆಮ್ಲದಲ್ಲಿ ಅದ್ದಿ ಬಿಂಬವನ್ನು ಮೂಡಿಸಿ, ಹೈಪೋ ದ್ರಾವಣದಲ್ಲಿ ಸ್ಥಿರಗೊಳಿಸಿ, ಚೆನ್ನಾಗಿ ತೊಳೆದು ಒಣಗಿಸುತ್ತಿದ್ದರು. ಕಾಗದ ಪಾರದರ್ಶಕವಾಗಲೆಂದು ಮೇಣ ಸವರುವ ರೂಢಿಯೂ ಇತ್ತು. ಬಿಸಿಲ ಸೀಮೆಯಲ್ಲಿ ಗಾಲಿಕ್ ಆಮ್ಲ ಬೇಗನೆ ಕಂದಿ ಹೋಗುತ್ತದೆ. ತೊಳೆಯುವ ನೀರಿನಲ್ಲಿ ಉಪ್ಪಿನಂಶವಿದ್ದರೆ ಕಲೆ ಬೀಳುತ್ತದೆ. ಒಂದು ಧೂಳಿನ ಕಣವೂ ಚಿತ್ರದಲ್ಲಿ ಚುಕ್ಕೆಯಾಗಿ ಉಳಿಯುತ್ತದೆ. ಬಯಲುಸೀಮೆಯ ಗಾಳಿಯನ್ನು ಬಲ್ಲವರಿಗೆ ಈ ಕೊನೆಯ ಕಷ್ಟವನ್ನು ವಿವರಿಸಬೇಕಾಗಿಲ್ಲ.

ಇಷ್ಟರ ನಡುವೆಯೂ ಬಿಗ್ಸ್ ನೂರಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಸಿದ್ಧಪಡಿಸಿದರು. ವಿಜಯಪುರದಲ್ಲಿ ಆದಿಲ್‌ಶಾಹಿ ಕಟ್ಟಡಗಳು, ಬಾದಾಮಿಯಲ್ಲಿ ಗುಹೆಗಳೂ ದೇವಾಲಯಗಳೂ, ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ಮೊದಲಾದ ಗುಡಿಗಳು ಅವರ ವಸ್ತುಗಳಾದವು. ಐಹೊಳೆಯ ದುರ್ಗ ದೇವಾಲಯದ ಚಿತ್ರ ಇವುಗಳಲ್ಲಿ ವಿಶೇಷವಾದುದು. ಈ ಗುಡಿಯ ಹೆಸರು ದುರ್ಗಾದೇವಿಯಿಂದ ಬಂದುದಲ್ಲ, ಅದನ್ನು ಸೇರಿಸಿಕೊಂಡು ಕಟ್ಟಿದ್ದ ಕೋಟೆಯಿಂದ, ಅಂದರೆ ದುರ್ಗದಿಂದ, ಬಂದುದು. ಜೀರ್ಣೋದ್ಧಾರಕ್ಕೆ ಮೊದಲು ಅದು ಯಾವ ಸ್ಥಿತಿಯಲ್ಲಿತ್ತು ಎಂಬುದಕ್ಕೆ ಬಿಗ್ಸ್ ಅವರ ಚಿತ್ರ ಸಾಕ್ಷಿ. ಮುಂದೆ ದುರಸ್ತಿಯಲ್ಲಿ ಏನು ಸೇರಿತು, ಏನು ತೆಗೆಯಲಾಯಿತು ಎಂಬುದನ್ನು ಗುರುತಿಸಲು ಇಂಥ ಚಿತ್ರಗಳಿಗಿಂತ ನಂಬಲರ್ಹ ಆಧಾರ ಕಡಿಮೆ.

ಕಾಗದದ ನಾರು ಬಿಂಬದಲ್ಲಿಯೂ ಕಾಣುವುದರಿಂದ ಈ ಚಿತ್ರಗಳಲ್ಲಿ ಗಾಜಿನ ನೆಗೆಟಿವ್‌ನ ಹರಿತವಿಲ್ಲ. ಶಿಲ್ಪದ ಸೂಕ್ಷ್ಮ ವಿವರಗಳು ತುಸು ಮೆತ್ತಗಾಗುತ್ತವೆ. ಆದರೆ ಕಲ್ಲಿನ ಮೇಲಿನ ನೆರಳು ಬೆಳಕುಗಳ ರಾಶಿ ಗಂಭೀರವಾಗಿ ಮೂಡುತ್ತದೆ. ದಾಖಲೆಗೆಂದು ತೆಗೆದ ಚಿತ್ರಗಳಾದರೂ ಅವುಗಳಲ್ಲಿ ಕಣ್ಣುಳ್ಳವನ ಆಯ್ಕೆಯಿದೆ. ಮುಚ್ಚಳ ತೆರೆದಿರುವಷ್ಟು ಹೊತ್ತು ಅಲುಗಾಡದೆ ನಿಂತವರು ಮಾತ್ರ ಚಿತ್ರದಲ್ಲಿ ಉಳಿಯುತ್ತಿದ್ದರು. ನಡೆದು ಹೋದವರು ಮಸುಕಾಗಿ ಇಲ್ಲವೇ ಕಾಣದೆಯೇ ಹೋಗುತ್ತಿದ್ದರು. ಈ ಕಾಲದ ಚಿತ್ರಗಳಲ್ಲಿ ಊರುಗಳು ನಿರ್ಜನವಾಗಿ ತೋರುವುದಕ್ಕೆ ಇದೂ ಒಂದು ಕಾರಣ.

ಕೆಲಸದ ಮುಕ್ತಾಯ ಮತ್ತು ಉತ್ತರಾಧಿಕಾರಿಗಳು

ಕೆಲಸ ಹದಕ್ಕೆ ಬರುತ್ತಿದ್ದಾಗಲೇ, ೧೮೫೫ರ ಡಿಸೆಂಬರಿನಲ್ಲಿ, ಬಿಗ್ಸ್ ಅವರನ್ನು ಸೈನ್ಯದ ಕರ್ತವ್ಯಕ್ಕೆ ಹಿಂದಕ್ಕೆ ಕರೆಸಲಾಯಿತು. ಸರ್ಕಾರದ ದೃಷ್ಟಿಯಲ್ಲಿ ಅವರು ಮೊದಲು ಫಿರಂಗಿದಳದ ಅಧಿಕಾರಿ, ಅನಂತರವೇ ಛಾಯಾಗ್ರಾಹಕ. ಅವರ ಸ್ಥಾನಕ್ಕೆ ಬಂದವರು ಮುಂಬಯಿ ವೈದ್ಯಕೀಯ ಸೇವೆಯ ಡಾ. ವಿಲಿಯಂ ಪಿಗೌ, ಇವರೂ ಹವ್ಯಾಸದಿಂದಲೇ ಈ ವಿದ್ಯೆ ಕಲಿತವರು. ಧಾರವಾಡ ಜಿಲ್ಲೆ ಮತ್ತು ಮೈಸೂರು ರಾಜ್ಯದ ಗುಡಿಗಳನ್ನೂ ಶಾಸನಗಳನ್ನೂ ಚಿತ್ರಿಸುವ ಕೆಲಸವನ್ನು ಪಿಗೌ ಮುಂದುವರಿಸಿದರು. ೧೮೫೮ರಲ್ಲಿ ಅವರು ತೀರಿಕೊಂಡರು. ತಮ್ಮ ಚಿತ್ರಗಳು ಗ್ರಂಥರೂಪ ಪಡೆದುದನ್ನು ಅವರು ನೋಡಲಿಲ್ಲ. ಇದೇ ದಶಕದಲ್ಲಿ ಮದ್ರಾಸು ವೈದ್ಯಕೀಯ ಸೇವೆಯ ಡಾ. ನೀಲ್ ಹೊಯ್ಸಳ ದೇವಾಲಯಗಳನ್ನು ಚಿತ್ರಿಸಿದರು. ಮದ್ರಾಸು ಸೈನ್ಯದ ಅಲೆಕ್ಸಾಂಡರ್ ಗ್ರೀನ್‌ಲಾ ೧೮೫೬ರಲ್ಲಿ ಹಂಪಿಯ ಅವಶೇಷಗಳನ್ನು ದೊಡ್ಡ ಅಳತೆಯ ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದಿಟ್ಟರು. ಕರ್ನಾಟಕದ ಸ್ಮಾರಕಗಳ ಛಾಯಾಗ್ರಹಣ ಹೀಗೆ ಇಬ್ಬರು ಸೈನಿಕರು ಮತ್ತು ಇಬ್ಬರು ವೈದ್ಯರ ಬಿಡುವಿನ ವಿದ್ಯೆಯಿಂದ ಮೊದಲಾಯಿತೆನ್ನಬಹುದು. ಸರ್ಕಾರದ ಪುರಾತತ್ತ್ವ ಸರ್ವೇಕ್ಷಣೆಯ ಪರವಾಗಿ ಜೇಮ್ಸ್ ಬರ್ಜೆಸ್ ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳಿಗೆ ಬಂದದ್ದು ೧೮೭೪ರಲ್ಲಿ, ಬಿಗ್ಸ್ ಬಂದು ಹೋದ ೧೯ ವರ್ಷಗಳ ಅನಂತರ.

೧೮೬೬ರ ಸಂಪುಟಗಳು

ಬಿಗ್ಸ್ ಮತ್ತು ಪಿಗೌ ಅವರ ನೆಗೆಟಿವ್‌ಗಳು ಸುಮಾರು ಹತ್ತು ವರ್ಷ ಪುಸ್ತಕವಾಗದೆ ಉಳಿದವು. ಹತ್ತಿಯ ವ್ಯಾಪಾರದಿಂದ ಮುಂಬಯಿ ಶ್ರೀಮಂತವಾಗಿದ್ದ ೧೮೬೦ರ ದಶಕದಲ್ಲಿ ಪಶ್ಚಿಮ ಭಾರತದ ವಾಸ್ತು ಅವಶೇಷಗಳ ಸಮಿತಿಯೊಂದು ರಚನೆಯಾಗಿ, ಅಲ್ಲಿಯ ವರ್ತಕರ ಧನಸಹಾಯದಿಂದ ಮೂರು ಸಂಪುಟಗಳನ್ನು ಸಿದ್ಧಗೊಳಿಸಿತು. ಲಂಡನ್ನಿನ ಜಾನ್ ಮರ್ರೆ ೧೮೬೬ರಲ್ಲಿ ಅವನ್ನು ಪ್ರಕಟಿಸಿದರು: ಒಂದು ವಿಜಯಪುರದ ಮೇಲೆ, ಒಂದು ಧಾರವಾಡ ಮತ್ತು ಮೈಸೂರಿನ ಮೇಲೆ, ಇನ್ನೊಂದು ಅಹಮದಾಬಾದಿನ ಮೇಲೆ. ಮೂರರಲ್ಲಿಯೂ ಬಿಗ್ಸ್ ಅವರ ಚಿತ್ರಗಳಿವೆ. ಅಷ್ಟರಲ್ಲಿ ಅವರು ಕರ್ನಲ್ ಆಗಿ ಸೇವೆಯಿಂದ ಹೊರಬಂದಿದ್ದರು. ಅಹಮದಾಬಾದಿನ ಸಂಪುಟದ ಛಾಯಾಚಿತ್ರಗಳು ಅವರವೇ.

ಧಾರವಾಡ–ಮೈಸೂರು ಸಂಪುಟದಲ್ಲಿ ಐಹೊಳೆ, ಪಟ್ಟದಕಲ್ಲುಗಳಲ್ಲದೆ ಗದಗ, ಲಕ್ಕುಂಡಿ, ಹಾವೇರಿ, ಹಳೇಬೀಡು ಮೊದಲಾದ ಸ್ಥಳಗಳ ಗುಡಿಗಳಿವೆ. ಚಿತ್ರಗಳು ಅಚ್ಚಿನವಲ್ಲ, ಛಾಯಾಚಿತ್ರದ ನಿಜಪ್ರತಿಗಳನ್ನೇ ಪುಟಗಳಿಗೆ ಅಂಟಿಸಲಾಗಿದೆ. ಐತಿಹಾಸಿಕ ವಿವರಣೆಯನ್ನು ಬರೆದವರು ಸುರಪುರ ಸಂಸ್ಥಾನದಲ್ಲಿ ಅಧಿಕಾರಿಯಾಗಿದ್ದು ಕನ್ನಡ ನಾಡಿನಲ್ಲಿ ಹೆಸರಾದ ಮೆಡೋಸ್ ಟೇಲರ್. ವಾಸ್ತುಶಿಲ್ಪದ ಟಿಪ್ಪಣಿ ಜೇಮ್ಸ್ ಫರ್ಗ್ಯುಸನ್ ಅವರದು. ಫರ್ಗ್ಯುಸನ್ ಭಾರತವನ್ನು ಬಿಟ್ಟು ಬಹಳ ವರ್ಷಗಳಾಗಿದ್ದವು. ಭಾರತೀಯ ವಾಸ್ತುಶಿಲ್ಪದ ಚರಿತ್ರೆಯನ್ನು ಅವರು ಬರೆದದ್ದು ಬಹುಮಟ್ಟಿಗೆ ಇಂಥ ಛಾಯಾಚಿತ್ರಗಳನ್ನು ಮುಂದಿಟ್ಟುಕೊಂಡು. ದುರ್ಗ ದೇವಾಲಯದ ಹಿಂಬದಿಯ ಅರ್ಧವೃತ್ತಾಕಾರವನ್ನು ಕಂಡು ಅದನ್ನು ಬೌದ್ಧ ಚೈತ್ಯಗಳಿಗೆ ಸಂಬಂಧಿಸಿ ಅವರು ಮಾಡಿದ ಊಹೆ ಬಹುಕಾಲ ಚರ್ಚೆಯಲ್ಲಿತ್ತು. ಊಹೆಯ ಹೊಣೆ ಫರ್ಗ್ಯುಸನ್ ಅವರದಾದರೂ ದೂರದಲ್ಲಿದ್ದವರಿಗೆ ಆ ಗುಡಿಯನ್ನು ಕಾಣಿಸಿಕೊಟ್ಟ ಶ್ರೇಯಸ್ಸು ಬಿಗ್ಸ್ ಅವರದು. ಪಂಡಿತರ ಹೆಸರುಗಳ ನಡುವೆ ಛಾಯಾಗ್ರಾಹಕರ ಹೆಸರು ಹಿಂದೆ ಸರಿದದ್ದು ಸರಿಯೆನಿಸುವುದಿಲ್ಲ.

ಶಾಸನಗಳ ಚಿತ್ರಗಳು

ಕನ್ನಡಿಗರಿಗೆ ಇನ್ನೂ ಹತ್ತಿರದ ಸಂಗತಿ ಶಾಸನಗಳದು. ಪಿಗೌ ಮತ್ತು ಬಿಗ್ಸ್ ತೆಗೆದ ಧಾರವಾಡ ಹಾಗೂ ಮೈಸೂರಿನ ಶಾಸನಗಳ ಛಾಯಾಚಿತ್ರಗಳನ್ನು ಥಿಯೊಡೋರ್ ಹೋಪ್ ೧೮೬೬ರಲ್ಲಿ ಸಂಪಾದಿಸಿದರು. ಜೆ. ಎಫ್. ಫ್ಲೀಟ್ ಹಳಗನ್ನಡ ಶಾಸನಗಳನ್ನು ಓದಿ ಪ್ರಕಟಿಸತೊಡಗಿದಾಗ ಈ ಸಂಗ್ರಹ ಅವರ ಆಕರಗಳಲ್ಲಿ ಒಂದಾಯಿತು. ಅವರ ೧೮೭೮ರ ಪಾಳಿ, ಸಂಸ್ಕೃತ ಹಾಗೂ ಹಳಗನ್ನಡ ಶಾಸನಗಳ ಸಂಗ್ರಹದಲ್ಲಿ ಇದರ ಉಪಯೋಗವಿದೆ. ಸವೆದ ಕಲ್ಲಿನ ಅಕ್ಷರಗಳು ಚಿತ್ರದಲ್ಲಿ ಸ್ಪಷ್ಟವಾಗಿ ಮೂಡುವುದಿಲ್ಲವೆಂಬ ಕೊರತೆ ಇದ್ದೇ ಇತ್ತು. ಒದ್ದೆ ಕಾಗದವನ್ನು ಕಲ್ಲಿಗೆ ಒತ್ತಿ ಅಕ್ಷರಗಳ ಅಚ್ಚು ತೆಗೆಯುವ ಪಡಿಯಚ್ಚಿನ ಕ್ರಮ ಮುಂದೆ ರೂಢಿಗೆ ಬಂದದ್ದು ಆ ಕಾರಣದಿಂದಲೇ. ಆದರೂ ಶಾಸನ ನಿಂತ ಊರಿಗೆ ಹೋಗದೆಯೇ ವಿದ್ವಾಂಸರು ಅದನ್ನು ಓದಲು ತೊಡಗಬಹುದೆಂಬುದನ್ನು ತೋರಿಸಿಕೊಟ್ಟವುಗಳಲ್ಲಿ ಈ ಚಿತ್ರಗಳೂ ಸೇರಿವೆ.

ಸಂಗ್ರಹಗಳು

ಬಿಗ್ಸ್ ೧೯೦೫ರಲ್ಲಿ ನಿಧನರಾದರು. ಅವರ ಚಿತ್ರಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಆ ಕಾಲದ ಬರಹಗಳಲ್ಲಿ ಊರ ಹೆಸರುಗಳು ಇಂದಿನಂತಿಲ್ಲ. ಐಹೊಳೆ ‘ಐವಲ್ಲಿ’ ಎಂದೂ ವಿಜಯಪುರ ‘ಬೀಜಾಪೂರ್’ ಎಂದೂ ಕಾಣುವುದರಿಂದ ಹಳೆಯ ಪಟ್ಟಿಗಳಲ್ಲಿ ಹುಡುಕುವವರು ಆ ರೂಪಗಳನ್ನೂ ನೋಡಬೇಕಾಗುತ್ತದೆ.