ಬೇಸರವರಿಯದ ಬದುಕು: ಅಥಣಿಯ ಶಿವಯೋಗಿಗಳು

ನಿನ್ನೆ ಉಂಡ ಊಟವೇ ಇಂದೂ ಬಂದರೆ ನಾಲಗೆ ಬೇಡವೆನ್ನುತ್ತದೆ. ಜಾತ್ರೆಗೆ ಹೋದ ಮನಸ್ಸು ತೇರು ನಿಲ್ಲುವುದರೊಳಗೆ ಮುಂದಿನ ಜಾತ್ರೆಯನ್ನು ನೆನೆಯುತ್ತದೆ. ತಂದ ಹೊಸದು ನಾಲ್ಕು ದಿನಕ್ಕೆ ಹಳೆಯದಾಗುತ್ತದೆ. ಬೇಸರ ಮಾತ್ರ ಹಳೆಯದಾಗುವುದಿಲ್ಲ. ಇಂಥ ಬೇಸರವನ್ನು ಗೆದ್ದ ಮಹಾತ್ಮರೊಬ್ಬರು ನಮ್ಮ ಭಾಗದಲ್ಲಿಯೇ ಆಗಿಹೋದರು. ಅವರೇ ಅಥಣಿ ಗಚ್ಚಿನಮಠದ ಶ್ರೀ ಮುರುಘೇಂದ್ರ ಶಿವಯೋಗಿಗಳು.

ಶಿರಗುಪ್ಪಿಯ ಸದ್ಭಕ್ತರಿಗೆ ಅವರು ದೂರದವರಲ್ಲ. ಈಗ ಕಾಗವಾಡ ತಾಲೂಕಿಗೆ ಸೇರಿದ ಈ ಊರು ಮೊದಲು ಅಥಣಿ ತಾಲೂಕಿನದೇ. ಅದೇ ಅಥಣಿ ಸೀಮೆಯ ನದಿ ಇಂಗಳಗಾಂವದಲ್ಲಿ 1836ರಲ್ಲಿ ಶಿವಯೋಗಿಗಳು ಜನಿಸಿದರು. ಎಳವೆಯಲ್ಲಿಯೇ ಗಚ್ಚಿನಮಠಕ್ಕೆ ಬಂದು ಗುರುಸೇವೆ, ಶಾಸ್ತ್ರಾಭ್ಯಾಸಗಳಲ್ಲಿ ಬೆಳೆದರು.

ಮುಂದೆ ಅವರೂ ದೇಶ ಸುತ್ತಿದರು. ಹಲವು ವರ್ಷ ಶಿವಕ್ಷೇತ್ರಗಳನ್ನು ನಡೆದು ನೋಡಿದರು. ಗುಳೇದಗುಡ್ಡದ ಕಡೆಯ ಏಕಾಂತದಲ್ಲಿ ತಪಸ್ಸು ಮಾಡಿದರೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಎಷ್ಟೋ ಜನ ಯಾತ್ರೆ ಮಾಡುತ್ತಾರೆ. ಒಂದು ಕ್ಷೇತ್ರ ಕಂಡೊಡನೆ ಇನ್ನೊಂದನ್ನು ಕಾಣುವ ಹಂಬಲ ಹುಟ್ಟುತ್ತದೆ. ಶಿವಯೋಗಿಗಳ ಯಾತ್ರೆ ಹಾಗಾಗಲಿಲ್ಲ, ಅದು ಅಥಣಿಗೆ ಬಂದು ಮುಗಿಯಿತು. ಹೊರಗೆ ನೋಡಬೇಕಾದ ದೇವರು ಮೊದಲಿನಿಂದಲೂ ಅಂಗೈಯಲ್ಲಿದ್ದನು.

ಅಲ್ಲಿಂದ ಮುಂದೆ ಅವರ ದಿನಚರಿ ಬದಲಾಗಲಿಲ್ಲ. ಅದೇ ಸ್ನಾನ, ಅದೇ ವಿಭೂತಿ, ಅದೇ ಪತ್ರಿ, ಅದೇ ಇಷ್ಟಲಿಂಗ. ಎಡಗೈಯಲ್ಲಿ ಲಿಂಗವನ್ನಿಟ್ಟು ದೃಷ್ಟಿ ನೆಟ್ಟರೆ ಹೊತ್ತು ಹೋದದ್ದೇ ಅರಿವಿಲ್ಲ. ಮಠದ ಅಧಿಕಾರ ಕೈಗೆ ಬಂದಾಗ ಅದನ್ನೂ ಬೇಡವೆಂದರು. ನೋಡುವವರಿಗೆ ಅದೊಂದು ಬರಿದಾದ ಬದುಕೆಂದು ತೋರಬಹುದಿತ್ತು. ಆದರೆ ದರ್ಶನಕ್ಕೆ ಬಂದವರು ಅಲ್ಲಿ ಕಂಡದ್ದು ತುಂಬಿದ ಕೊಡವನ್ನು.

ಇಲ್ಲಿ ಒಂದು ಮಾತನ್ನು ಯೋಚಿಸಬೇಕು. ನಾವೂ ದಿನಾಲು ಪೂಜೆ ಮಾಡುತ್ತೇವೆ, ನಮಗೇಕೆ ಬೇಸರ? ಕೈ ಲಿಂಗದ ಮೇಲಿದ್ದರೂ ಮನಸ್ಸು ಕಬ್ಬಿನ ಬಿಲ್ಲಿನ ಮೇಲಿರುತ್ತದೆ, ಸಂತೆಯ ಧಾರಣಿಯ ಮೇಲಿರುತ್ತದೆ. ಮನಸ್ಸಿಲ್ಲದ ಪೂಜೆ ನೂರು ವರ್ಷ ಮಾಡಿದರೂ ಅದು ಗಾಣದ ಎತ್ತಿನ ಸುತ್ತು. ಬೇಸರ ಕೆಲಸದಲ್ಲಿಲ್ಲ, ಕೆಲಸ ಬಿಟ್ಟು ಓಡುವ ಮನಸ್ಸಿನಲ್ಲಿದೆ. ಶಿವಯೋಗಿಗಳ ಮನಸ್ಸು ಓಡುವುದನ್ನು ಬಿಟ್ಟಿತ್ತು. ಆದ್ದರಿಂದ ಅದೇ ಲಿಂಗ ಅವರಿಗೆ ನಿತ್ಯವೂ ಹೊಸದಾಗಿತ್ತು.

ಒಂದೆಡೆ ಕುಳಿತವರಿಂದ ಲೋಕಕ್ಕೇನು ಲಾಭವೆಂದು ಕೇಳುವವರುಂಟು. 1909ರಲ್ಲಿ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರವನ್ನು ಕಟ್ಟಿದ ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳು ಇವರಲ್ಲಿ ಗುರುಭಾವವಿಟ್ಟಿದ್ದರು. ಇವರ ಸೇವೆಯಲ್ಲಿ ಪಳಗಿದ ಶ್ರೀ ಮೃತ್ಯುಂಜಯ ಅಪ್ಪಗಳು ಧಾರವಾಡದ ಮುರುಘಾಮಠಕ್ಕೆ ಹೋಗಿ, ಬಡ ವಿದ್ಯಾರ್ಥಿಗಳಿಗೆ ಪ್ರಸಾದನಿಲಯ ನಡೆಸಿದರು. ಅಲ್ಲಿ ಉಂಡು ಓದಿದ ರೈತರ ಮಕ್ಕಳ ಲೆಕ್ಕ ಇಟ್ಟವರಾರು? ನಿಂತ ಕೆರೆಯೇ ಊರ ಹೊಲಗಳಿಗೆ ನೀರುಣಿಸುತ್ತದೆ.

1921ರಲ್ಲಿ ಶಿವಯೋಗಿಗಳು ಅಥಣಿಯಲ್ಲಿಯೇ ಲಿಂಗೈಕ್ಯರಾದರು. ಗಚ್ಚಿನಮಠದ ಅವರ ಗದ್ದುಗೆಗೆ ಇಂದಿಗೂ ಭಕ್ತರು ನಡೆದುಕೊಳ್ಳುತ್ತಾರೆ.

ನಾವು ಸಂಸಾರಿಗಳು, ಮನೆ ಬಿಟ್ಟು ಗುಹೆ ಸೇರಬೇಕಾಗಿಲ್ಲ. ಬೆಳಗಿನ ಅರ್ಧ ತಾಸು ಲಿಂಗದ ಮುಂದೆ ಕುಳಿತಾಗ ಅಲ್ಲಿಯೇ ಇರೋಣ. ಹೊಲದಲ್ಲಿದ್ದಾಗ ಹೊಲದಲ್ಲಿರೋಣ, ಉಣ್ಣುವಾಗ ತುತ್ತಿನಲ್ಲಿರೋಣ. ಮನಸ್ಸು ಮನೆಗೆ ಬಂದರೆ ಬೇಸರ ತಾನಾಗಿಯೇ ಬಾಗಿಲು ದಾಟಿ ಹೋಗುತ್ತದೆ.