ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರು

ಧನವನ್ನು ಗಳಿಸುವುದು ಕಷ್ಟ. ಗಳಿಸಿದುದನ್ನು ಕಾಪಾಡುವುದು ಅದಕ್ಕಿಂತಲೂ ಕಷ್ಟ. ಕಾಪಾಡಿದುದನ್ನು ತನ್ನದಲ್ಲವೆಂದು ತಿಳಿದು ಸಮಾಜಕ್ಕೆ ಒಪ್ಪಿಸುವುದು ಎಲ್ಲಕ್ಕಿಂತಲೂ ಕಷ್ಟವಾದುದು. ಈ ಮೂರನ್ನೂ ಒಂದೇ ಜೀವಿತಕಾಲದಲ್ಲಿ ಸಾಧಿಸಿದ ಪುಣ್ಯಪುರುಷರಲ್ಲಿ ಗುಬ್ಬಿ ತೋಟದಪ್ಪನವರು ಒಬ್ಬರು.

ತುಮಕೂರು ಸೀಮೆಯ ಗುಬ್ಬಿಯು ಚನ್ನಬಸವೇಶ್ವರಸ್ವಾಮಿಯ ಸನ್ನಿಧಾನದಿಂದ ಪವಿತ್ರವಾದ ಊರು. ಅಡಿಕೆ, ಕೊಬ್ಬರಿಗಳ ವ್ಯಾಪಾರಕ್ಕೂ ಬಹುಕಾಲದಿಂದ ಹೆಸರಾದುದು. ಅಲ್ಲಿಯ ವೀರಶೈವ ಮನೆತನವೊಂದರಲ್ಲಿ 1838ರಲ್ಲಿ ತೋಟದಪ್ಪನವರು ಜನಿಸಿದರು. ಮನೆಯವರು ಬೆಂಗಳೂರಿಗೆ ಬಂದು ಮಾಮೂಲುಪೇಟೆಯಲ್ಲಿ ವ್ಯಾಪಾರಕ್ಕೆ ನಿಂತರು. ಪೇಟೆಯ ವ್ಯವಹಾರದಲ್ಲಿ ತೋಟದಪ್ಪನವರ ಕೈಗೆ ಸಂಪತ್ತು ಸೇರಿತು. ಜನರಲ್ಲಿ ಗೌರವವೂ ಬೆಳೆಯಿತು. ಹುಟ್ಟೂರನ್ನು ಬಿಟ್ಟು ಬಂದರೂ ಅದರ ಹೆಸರು ಅವರನ್ನು ಬಿಡಲಿಲ್ಲ. ಕಡೆಯವರೆಗೂ ಅವರು ಗುಬ್ಬಿ ತೋಟದಪ್ಪನವರೆಂದೇ ಪ್ರಸಿದ್ಧರಾದರು.

ಅವರ ಧರ್ಮಪತ್ನಿ ಗೌರಮ್ಮನವರು. ಈ ದಂಪತಿಗಳಿಗೆ ಸಿರಿಯಿದ್ದಿತು, ಸಂತಾನವಿರಲಿಲ್ಲ. ಮನೆಯ ದೀಪವನ್ನು ಮುಂದೆ ಹಚ್ಚುವವರಾರು, ಕೂಡಿಟ್ಟ ಆಸ್ತಿಯನ್ನು ಅನುಭವಿಸುವವರಾರು ಎಂಬುದು ಅಂದಿನ ಗೃಹಸ್ಥರಿಗೆ ಸಾಮಾನ್ಯವಾದ ಚಿಂತೆಯಲ್ಲ. ಈ ಕೊರತೆಯಿಂದ ಮನಸ್ಸು ಕಹಿಯಾಗಿ, ಇದ್ದುದನ್ನು ಬಿಗಿಹಿಡಿದು ಕುಳಿತವರೂ ಲೋಕದಲ್ಲಿ ಉಂಟು. ತೋಟದಪ್ಪನವರು ಆ ದಾರಿಯನ್ನು ಹಿಡಿಯಲಿಲ್ಲ. ಊರು ಬಿಟ್ಟು ಬಂದ ದಾರಿಗನೂ, ವಿದ್ಯೆಯನ್ನರಸಿ ಬಂದ ಬಡ ಬಾಲಕನೂ ತಮ್ಮ ಮಕ್ಕಳೆಂದು ಬಗೆದು, ತಮ್ಮ ಆಸ್ತಿಯನ್ನು ಅವರಿಗಾಗಿ ವಿನಿಯೋಗಿಸಲು ನಿಶ್ಚಯಿಸಿದರು.

ಆಗ ಬೆಂಗಳೂರಿಗೆ ರೈಲುಮಾರ್ಗಗಳು ಬಂದು ಸೇರಿದ್ದುವು. ಹಳ್ಳಿಗಳಿಂದ ಬಂದಿಳಿಯುವವರ ಸಂಖ್ಯೆ ಹೆಚ್ಚುತ್ತಿದ್ದಿತು. ಪರಿಚಯದವರಿಲ್ಲದವರಿಗೆ ತಲೆಯೂರಲು ತಾಣವಿರಲಿಲ್ಲ. ವ್ಯಾಪಾರಿಯ ಕಣ್ಣು ಜನರ ಅಗತ್ಯವನ್ನು ಬೇಗನೆ ಗುರುತಿಸುತ್ತದೆ. ದಾಸೋಹಿಯ ಹೃದಯ ಅದನ್ನು ಲಾಭವಿಲ್ಲದೆ ಪೂರೈಸುತ್ತದೆ. ತೋಟದಪ್ಪನವರಲ್ಲಿ ಇವೆರಡೂ ಕೂಡಿದ್ದುವು. 1897ರಲ್ಲಿ ಅವರು ರೈಲು ನಿಲ್ದಾಣದ ಸಮೀಪದಲ್ಲಿಯೇ, ರೈಲ್ವೆಯವರಿಂದ ಎರಡೂವರೆ ಎಕರೆ ನೆಲವನ್ನು ಕೊಂಡರು. ಮರುವರ್ಷ ಬೆಂಗಳೂರಿಗೆ ಪ್ಲೇಗುಮಾರಿ ಹೊಕ್ಕು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಅಂತಹ ಕಾಲದಲ್ಲಿಯೂ ಅವರ ಸಂಕಲ್ಪವು ಸಡಿಲವಾಗಲಿಲ್ಲ. ಛತ್ರವು ಸಿದ್ಧವಾಗಿ, 1903ನೆಯ ಫೆಬ್ರವರಿ 11ರಂದು ಶ್ರೀಮನ್ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರವರು ಅದರ ಪ್ರಾರಂಭೋತ್ಸವವನ್ನು ನೆರವೇರಿಸಿದರು. ಯಾತ್ರಿಕರಿಗೂ ವಿದ್ಯಾರ್ಥಿಗಳಿಗೂ ಅಲ್ಲಿ ಉಚಿತವಾಗಿ ಆಶ್ರಯ ದೊರೆಯಿತು. ಮಹಾರಾಜರು ತೋಟದಪ್ಪನವರಿಗೆ ಧರ್ಮಪ್ರವರ್ತರೆಂಬ ಬಿರುದನ್ನೂ, ಬ್ರಿಟಿಷ್ ಸರ್ಕಾರದವರು ರಾವ್‌ಬಹದ್ದೂರ್ ಪದವಿಯನ್ನೂ ಕೊಟ್ಟು ಮನ್ನಿಸಿದರು.

ಕಟ್ಟಡವನ್ನು ಕಟ್ಟಿಸಿದ ಮಾತ್ರಕ್ಕೆ ಧರ್ಮವು ನಿಲ್ಲದು. ಅದನ್ನು ನಡೆಸುವ ಕೈಗಳು ಬೇಕು. ಇದನ್ನರಿತ ತೋಟದಪ್ಪನವರು ತಮ್ಮ ಕಡೆಗಾಲದಲ್ಲಿ ಆಸ್ತಿಯನ್ನೆಲ್ಲ ಧರ್ಮಸಂಸ್ಥೆಯ ಹೆಸರಿಗೆ ಮಾಡಿ, ಕೆ. ಪಿ. ಪುಟ್ಟಣ್ಣಶೆಟ್ಟರನ್ನು ಅದರ ಮೊದಲ ಅಧ್ಯಕ್ಷರನ್ನಾಗಿ ನೇಮಿಸಿದರು. 1856ರಲ್ಲಿ ಜನಿಸಿದ ಶೆಟ್ಟರು ತೋಟದಪ್ಪನವರಿಗಿಂತ ಹದಿನೆಂಟು ವರ್ಷ ಕಿರಿಯರು. ಮುಂದೆ ಬೆಂಗಳೂರು ನಗರಸಭೆಯ ಅಧ್ಯಕ್ಷರಾಗಿ ಕೀರ್ತಿ ಪಡೆದವರು. ನಗರದ ಪುರಭವನವು ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಮಗನಿಗೆ ಒಪ್ಪಿಸಬೇಕಾದ ಭಾರವನ್ನು ತೋಟದಪ್ಪನವರು ರಕ್ತಸಂಬಂಧವನ್ನು ನೋಡದೆ ಯೋಗ್ಯತೆಯನ್ನು ನೋಡಿ ಒಪ್ಪಿಸಿದುದು ಅವರ ವಿವೇಕಕ್ಕೆ ಸಾಕ್ಷಿ.

1910ನೆಯ ಫೆಬ್ರವರಿ 21ರಂದು, ಎಪ್ಪತ್ತೆರಡರ ವಯಸ್ಸಿನಲ್ಲಿ, ತೋಟದಪ್ಪನವರು ಲಿಂಗೈಕ್ಯರಾದರು. ನಿಲ್ದಾಣದೆದುರಿನ ಬೀದಿಗೆ ಅವರ ಹೆಸರಿದೆ. ಆದರೆ ಹೆಸರು ನಿಂತುದು ಬೀದಿಯಲ್ಲಿ ಮಾತ್ರವಲ್ಲ. ಅವರ ಆಶ್ರಯದಲ್ಲಿ ಓದಿ ಬಾಳನ್ನು ಕಟ್ಟಿಕೊಂಡವರು ಎಷ್ಟೋ ಮಂದಿ. ಅವರ ಮನೆಗಳಲ್ಲಿ ಬೆಳಗುವ ದೀಪಗಳೆಲ್ಲ, ಮಕ್ಕಳಿಲ್ಲದ ಆ ದಂಪತಿಗಳ ಮನೆಯ ದೀಪಗಳೇ ಸರಿ.