ಹಂಗಾಮಿ ಅಧ್ಯಕ್ಷ

ಹೋದ ವರ್ಷ ನಮ್ಮ ಸಂಘದವರು ನನ್ನನ್ನು ಹಂಗಾಮಿ ಖಜಾಂಚಿ ಮಾಡಿದಾಗ ನಾನು ಮುಖ ಸಿಂಡರಿಸಿದ್ದೆ. ಕೆಲಸ ಪೂರ್ತಿ, ಹೆಸರು ಅರ್ಧ, ಯಾರಿಗೆ ಬೇಕಪ್ಪಾ ಅಂತ! ಆಮೇಲೆ ಮೆಕ್ಸಿಕೋ ದೇಶದ ಪೆದ್ರೊ ಮರಿಯಾ ಅನಾಯಾ ಎಂಬ ಸೈನಿಕನ ಕಥೆ ಓದಿದೆ. ಆತ ದೇಶಕ್ಕೇ ಹಂಗಾಮಿ ಅಧ್ಯಕ್ಷನಾಗಿದ್ದವನು, ಅದೂ ಎರಡು ಸಲ.

ಹುಯಿಚಾಪನ್ ಎಂಬ ಊರಿನಲ್ಲಿ ಹುಟ್ಟಿದ ಅನಾಯಾ ಹುಡುಗನಾಗಿದ್ದಾಗಲೇ ಸ್ಪೇನ್ ದೊರೆಯ ಸೈನ್ಯ ಸೇರಿದ. 1821ರಲ್ಲಿ ಸ್ವಾತಂತ್ರ್ಯದ ಪಕ್ಷಕ್ಕೆ ಬಂದ. 1846ರಲ್ಲಿ ಅಮೆರಿಕದ ಜತೆ ಯುದ್ಧ ಹತ್ತಿತು. ಅಧ್ಯಕ್ಷ ಸಾಂತಾ ಅನ್ನಾ ರಣರಂಗದಲ್ಲಿ. ಉಪಾಧ್ಯಕ್ಷ ಗೋಮೆಸ್ ಫರಿಯಾಸ್ ಯುದ್ಧದ ಖರ್ಚಿಗೆ ಚರ್ಚಿನ ಆಸ್ತಿಗೆ ಕೈಹಾಕಿದ್ದೇ ತಡ, ರಾಜಧಾನಿಯಲ್ಲೇ ದಂಗೆ ಎದ್ದಿತು. ಶತ್ರು ಸಮುದ್ರತೀರದಲ್ಲಿ, ಜಗಳ ಮನೆಯೊಳಗೆ! ಕೊನೆಗೆ ಸಂಸತ್ತು ಉಪಾಧ್ಯಕ್ಷ ಪದವಿಯನ್ನೇ ರದ್ದುಮಾಡಿ, 1847ರ ಏಪ್ರಿಲ್‌ನಲ್ಲಿ ಅನಾಯಾನನ್ನು ಕುರ್ಚಿಯಲ್ಲಿ ಕೂರಿಸಿತು. ಏಳು ವಾರ ಕಳೆದ ಮೇಲೆ ಸಾಂತಾ ಅನ್ನಾ ಮರಳಿದ. ಅನಾಯಾ ಅಧಿಕಾರ ಒಪ್ಪಿಸಿ ಮತ್ತೆ ಸೈನ್ಯಕ್ಕೇ ಹೋದ.

ಆಗಸ್ಟ್ 20ರಂದು ಚುರುಬುಸ್ಕೋ ಮಠದ ಕಾವಲಿನಲ್ಲಿ ಆತ ಜನರಲ್ ರಿಂಕೋನನ ಕೈಕೆಳಗೆ ನಿಂತಿದ್ದ. ನಿನ್ನೆಯ ಅಧ್ಯಕ್ಷ, ಇವತ್ತು ಇನ್ನೊಬ್ಬರ ಹುಕುಮಿಗೆ ತಲೆಬಾಗಿದವ! ಬಂದ ಗುಂಡುಗಳೋ ಬಹುಪಾಲು ಬಂದೂಕಿನ ಅಳತೆಗೇ ಹೊಂದಲಿಲ್ಲ. ಮದ್ದು ಸಿಡಿದು ಅನಾಯಾಗೆ ಸುಟ್ಟ ಗಾಯವಾಯ್ತು. ಗುಂಡು ಮುಗಿದ ಮೇಲೆ ಶರಣಾಗದೆ ವಿಧಿಯಿರಲಿಲ್ಲ. ಮದ್ದುಗುಂಡು ಎಲ್ಲಿ ಎಂದು ಅಮೆರಿಕದ ಜನರಲ್ ಟ್ವಿಗ್ಸ್ ಕೇಳಿದಾಗ, ಅದು ಉಳಿದಿದ್ದರೆ ತಾವು ಇಲ್ಲಿ ಬಂದು ನಿಲ್ಲುತ್ತಲೇ ಇರಲಿಲ್ಲವೆಂದು ಅನಾಯಾ ಉತ್ತರಿಸಿದನಂತೆ. ಈ ಮಾತನ್ನು ಅಲ್ಲಿಯ ಜನ ಇಂದಿಗೂ ಮರೆತಿಲ್ಲ.

ಸೆಪ್ಟೆಂಬರಿನಲ್ಲಿ ರಾಜಧಾನಿ ಬಿತ್ತು. ಸಾಂತಾ ಅನ್ನಾ ಅಧಿಕಾರ ಬಿಟ್ಟ. ಕೆರೆತಾರೊ ನಗರದಲ್ಲಿ ಸೇರಿದ ಸಂಸತ್ತು ನವೆಂಬರಿನಲ್ಲಿ ಮತ್ತೆ ಅನಾಯಾನನ್ನೇ ಕರೆಯಿತು. ಸೋತ ಮನೆಯ ಯಜಮಾನಿಕೆ ಯಾರಿಗೆ ಬೇಕು? ಆದರೂ ಆತ ಒಲ್ಲೆ ಎನ್ನಲಿಲ್ಲ. 1848ರ ಜನವರಿಯಲ್ಲಿ ಪೆನ್ಯಾ ಇ ಪೆನ್ಯಾಗೆ ಪದವಿ ಒಪ್ಪಿಸಿ, ಅವನ ಕೆಳಗೇ ಯುದ್ಧಮಂತ್ರಿಯಾದ. ಫೆಬ್ರವರಿ 2ರ ಒಪ್ಪಂದದಲ್ಲಿ ಮೆಕ್ಸಿಕೋಗೆ ಅರ್ಧದಷ್ಟು ನೆಲ ಹೋಯ್ತು, ಕೈಗೆ ಬಂದದ್ದು ಒಂದೂವರೆ ಕೋಟಿ ಡಾಲರ್. ಕಾಮರ್ಸ್ ಓದುವ ನನಗೂ ಈ ಲೆಕ್ಕವನ್ನು ಯಾವ ಖಾತೆಗೆ ಬರೆಯಬೇಕೋ ತಿಳೀಲಿಲ್ಲ.

ಅನಾಯಾ ತೀರಿಕೊಂಡದ್ದು 1854ರಲ್ಲಿ. ಆ ಮಠ ಈಗ ವಸ್ತುಸಂಗ್ರಹಾಲಯ. ಹತ್ತಿರದ ಮೆಟ್ರೊ ಸ್ಟೇಷನ್ನಿಗೆ ಜನರಲ್ ಅನಾಯಾ ಎಂದೇ ಹೆಸರು. ಹೆಸರಿನಲ್ಲಿ ಅಧ್ಯಕ್ಷ ಎಂಬುದಿಲ್ಲ, ಹಂಗಾಮಿ ಎಂಬುದೂ ಇಲ್ಲ.

ಅಂದಹಾಗೆ, ನಮ್ಮ ಸಂಘದ ಲೆಕ್ಕ ತಯಾರಿದೆ. ಯಾರು ಬೇಕಾದ್ರೂ ಬಂದು ನೋಡಬಹುದು.